ಮೌಖಿಕ ಪರಂಪರೆ ಮತ್ತು ಅಮೆರಿಕದ ನ್ಯಾಯಾಲಯ: ಕೆನೆವಿಕ್ ಪ್ರಕರಣ

ಅಮೆರಿಕದ ಕಾಂಗ್ರೆಸ್ಸು 1990ರಲ್ಲಿ ಅಂಗೀಕರಿಸಿದ ಮೂಲನಿವಾಸಿಗಳ ಸಮಾಧಿರಕ್ಷಣಾ ಕಾಯಿದೆಯು ಜಾನಪದವನ್ನೂ ಮೌಖಿಕ ಪರಂಪರೆಯನ್ನೂ ಸಾಕ್ಷ್ಯಗಳ ಸಾಲಿಗೆ ಸೇರಿಸಿತು. ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ.

1996ರಲ್ಲಿ ವಾಷಿಂಗ್ಟನ್ ರಾಜ್ಯದ ಕೆನೆವಿಕ್ ಬಳಿ, ಕೊಲಂಬಿಯಾ ನದೀತೀರದಲ್ಲಿ ದೊರೆತ ಅಸ್ಥಿಪಂಜರವು ತಮ್ಮ ಪೂರ್ವಜನದೆಂದು ಉಮಟಿಲ್ಲಾ ಮೊದಲಾದ ಬುಡಕಟ್ಟುಗಳು ಹಕ್ಕು ಸಾಧಿಸಿದವು. ತಾವು ಆದಿಯಿಂದಲೂ ಅಲ್ಲಿಯವರೆಂಬ ಕಥನವೇ ಅವರ ಆಧಾರ. ಅಧ್ಯಯನಕ್ಕೆ ಅವಕಾಶ ಕೋರಿ ಎಂಟು ಮಂದಿ ವಿಜ್ಞಾನಿಗಳು ಒಕ್ಕೂಟದ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಇಂಟೀರಿಯರ್ ಇಲಾಖೆ 2000ರಲ್ಲಿ ಬುಡಕಟ್ಟುಗಳ ಪರ ನೀಡಿದ ನಿರ್ಣಯವನ್ನು ಆ ನ್ಯಾಯಾಲಯ 2002ರಲ್ಲಿ ರದ್ದುಪಡಿಸಿತು. ಮೇಲ್ಮನವಿ ನ್ಯಾಯಾಲಯವು ಹೊಸದಾಗಿ ಸಾಕ್ಷಿಗಳನ್ನು ವಿಚಾರಿಸುವುದಿಲ್ಲ, ದಾಖಲೆಯನ್ನಷ್ಟೇ ಪರಿಶೀಲಿಸುತ್ತದೆ. ಒಂಬತ್ತನೆಯ ವಲಯದ ನ್ಯಾಯಾಧೀಶರು 2004ರಲ್ಲಿ, ಅಷ್ಟು ಸಹಸ್ರ ವರ್ಷಗಳ ಸಂಬಂಧವನ್ನು ಸ್ಥಾಪಿಸಲು ಮೌಖಿಕ ಕಥನ ಸಾಲದೆಂದರು.

2015ರ ಡಿಎನ್‌ಎ ಅಧ್ಯಯನ ಮೂಲನಿವಾಸಿಗಳೊಂದಿಗಿನ ನಂಟನ್ನು ತೋರಿಸಿತು. 2016ರಲ್ಲಿ ಕಾಂಗ್ರೆಸ್ಸು ವಿಶೇಷ ಶಾಸನ ಮಾಡಿತು. 2017ರಲ್ಲಿ ಅಸ್ಥಿಗಳು ಮರಳಿ ಮಣ್ಣು ಸೇರಿದವು. ಹಿರಿಯರ ಮಾತು ನಿಜದ ಸಮೀಪವಿದ್ದರೂ ಅವರನ್ನು ಗೆಲ್ಲಿಸಿದ್ದು ಆ ಮಾತಲ್ಲ, ಪ್ರಯೋಗಾಲಯ ಮತ್ತು ಶಾಸಕಾಂಗ.