ಫೈಬ್ರೊಮಯಾಲ್ಜಿಯ: ಸಹಜ ಮತ್ತು ಪೂರಕ ಚಿಕಿತ್ಸೆಗಳು

ಫೈಬ್ರೊಮಯಾಲ್ಜಿಯ ಎಂಬುದು ಮೂರು ತಿಂಗಳಿಗೂ ಮೀರಿ ಮೈಯೆಲ್ಲ ಹರಡಿಕೊಂಡಿರುವ ನೋವು, ಮಲಗಿ ಎದ್ದರೂ ತೀರದ ಸುಸ್ತು, ನಿದ್ದೆಗೇಡು ಮತ್ತು ಮರೆವು ಒಟ್ಟಾಗಿ ಕಾಡುವ ದೀರ್ಘಕಾಲದ ವ್ಯಾಧಿ. ನೂರರಲ್ಲಿ ಎರಡರಿಂದ ನಾಲ್ಕು ಮಂದಿಗೆ ಇದು ಇರುತ್ತದೆಂಬ ಅಂದಾಜಿದೆ, ಹೆಂಗಸರಲ್ಲಿ ಹೆಚ್ಚು. ಕನ್ನಡದ ಮನೆಮಾತಿನಲ್ಲಿ ಇದಕ್ಕೆ ಬೇರೆ ಹೆಸರಿಲ್ಲ. ‘ಮೈಕೈ ನೋವು’, ‘ವಾಯು’ ಎಂಬ ಮಾತುಗಳಲ್ಲೇ ಇದೂ ಸೇರಿಹೋಗುತ್ತದೆ. ರಕ್ತಪರೀಕ್ಷೆಯಲ್ಲೂ ಎಕ್ಸ್‌ರೇಯಲ್ಲೂ ಏನೂ ಕಾಣದ ಕಾರಣ ರೋಗಿಯ ಮಾತನ್ನು ಮನೆಯವರೇ ಅನುಮಾನಿಸುವುದುಂಟು. 1904ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ ಇಂಥ ನೋವಿಗೆ ಉರಿಯೂತವೇ ಕಾರಣವೆಂದು ಭಾವಿಸಿ ‘ಫೈಬ್ರೊಸೈಟಿಸ್’ ಎಂದು ಹೆಸರಿಟ್ಟರು. ಆ ಉರಿಯೂತ ಕೊನೆಗೂ ಸಿಗಲಿಲ್ಲ. 1990ರಲ್ಲಿ ಅಮೆರಿಕದ ರುಮಟಾಲಜಿ ಕಾಲೇಜು ಮೈಮೇಲಿನ 18 ಬಿಂದುಗಳನ್ನು ಗುರುತಿಸಿ, ಅವುಗಳಲ್ಲಿ 11ನ್ನು ಒತ್ತಿದಾಗ ನೋಯಬೇಕೆಂಬ ನಿಯಮ ಮಾಡಿತು. 2010ರಲ್ಲಿ ಅದನ್ನು ಬದಿಗಿಟ್ಟು ನೋವಿನ ಹರಹು, ನಿದ್ದೆ, ಸುಸ್ತುಗಳನ್ನು ಲೆಕ್ಕಕ್ಕೆ ತಂದಿತು. ಈಗಿನ ತಿಳಿವಳಿಕೆಯಂತೆ ತೊಡಕಿರುವುದು ನೋಯುವ ಜಾಗದಲ್ಲಲ್ಲ. ನೋವಿನ ಸುದ್ದಿಯನ್ನು ಹಿಗ್ಗಿಸಿ ಕೇಳುವ ಮಿದುಳುಬಳ್ಳಿ ಮತ್ತು ಮಿದುಳಿನಲ್ಲಿ.

ಈ ತಿಳಿವಳಿಕೆಯೇ ಪೂರಕ ಚಿಕಿತ್ಸೆಗಳನ್ನು ತೂಗುವ ತಕ್ಕಡಿ. ನೋವು ಸ್ನಾಯುವಿನದೇ ಆಗಿದ್ದರೆ ಹಚ್ಚುವ ಎಣ್ಣೆ, ಕೊಡುವ ಶಾಖ, ಚುಚ್ಚುವ ಸೂಜಿಗಳಿಂದ ಬಗೆಹರಿಯಬೇಕಿತ್ತು. ನರಮಂಡಲದ ಕಿವಿಯೇ ಸೂಕ್ಷ್ಮವಾಗಿರುವಾಗ ಆ ಕಿವಿಯನ್ನು ಪಳಗಿಸುವ ಕೆಲಸ ದಿನವೂ, ಸ್ವಲ್ಪಸ್ವಲ್ಪವಾಗಿ ನಡೆಯಬೇಕು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ತನ್ನ ಶಿಫಾರಸುಗಳನ್ನು ಪರಿಷ್ಕರಿಸಿದಾಗ, ಔಷಧಗಳೂ ಸೇರಿ ಎಲ್ಲ ಚಿಕಿತ್ಸೆಗಳ ಪೈಕಿ ಬಲವಾದ ಶಿಫಾರಸು ಪಡೆದದ್ದು ವ್ಯಾಯಾಮ ಒಂದೇ. ಹಾಗೆಂದು ವ್ಯಾಯಾಮವೆಂದರೆ ಬೆವರಿಳಿಸುವ ಓಟವೇ ಆಗಬೇಕಿಲ್ಲ. ಬಾಸ್ಟನ್ನಿನ ಟಫ್ಟ್ಸ್ ವೈದ್ಯಕೀಯ ಕೇಂದ್ರದ ಸಂಶೋಧಕರು 226 ರೋಗಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಧಾನಗತಿಯ ಚೀನೀ ತಾಯ್ ಚಿ ಏರೋಬಿಕ್ ವ್ಯಾಯಾಮಕ್ಕೆ ಸಮನಾಗಿ ಅಥವಾ ಅದಕ್ಕಿಂತ ಮಿಗಿಲಾಗಿ ಫಲ ಕೊಟ್ಟಿತು. ಯೋಗದ ಅಧ್ಯಯನಗಳು ಇದಕ್ಕಿಂತ ಚಿಕ್ಕವು, ಆದರೂ ಅವು ತೋರಿಸುವ ದಿಕ್ಕು ಇದೇ. ಕರ್ನಾಟಕಕ್ಕೆ ಇದು ಹೊರಗಿನ ವಿಷಯವೇನಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಪಟ್ಟಿ, ದಿಂಬು, ಇಟ್ಟಿಗೆಗಳ ಆಸರೆಯಿಂದ ಆಸನ ಮಾಡಿಸುವ ಕ್ರಮವನ್ನು ಬೆಳೆಸಿದರು. ಪೂರ್ತಿ ಬಾಗಲಾರದ ಮೈಗೆ ಒಗ್ಗುವುದು ಅದೇ ಕ್ರಮ. ಟಿವಿಯಲ್ಲಿ ನೋಡಿ ಮೈ ಹುರಿಗೊಳಿಸುವ ಯೋಗವಲ್ಲ.

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಸುಪಾಸಿನಲ್ಲಿರುವ ಶ್ರೀಗಂಧದ ಕಾವಲ್‌ನಂಥ ಬಡಾವಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ವ್ಯಾಯಾಮದ ಮಾತಿಗೆ ಮೊದಲ ಆಕ್ಷೇಪ ತಾನಾಗಿ ಏಳುತ್ತದೆ. ಪೀಣ್ಯದ ಕಾರ್ಖಾನೆಗಳು ಇಲ್ಲಿಂದ ದೂರವಿಲ್ಲ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು, ಮನೆಗೆ ಬಂದು ಮುದ್ದೆ ತಿರುವಿ, ನೀರು ಹಿಡಿದಿಡುವ ಹೆಂಗಸಿಗೆ ಇನ್ನೂ ವ್ಯಾಯಾಮ ಮಾಡು ಎನ್ನುವುದು ಕ್ರೌರ್ಯವಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ದುಡಿಮೆಯಲ್ಲಿ ಅದೇ ಭುಜ, ಅದೇ ಸೊಂಟ ಒಂದೇ ಭಂಗಿಯಲ್ಲಿ ಸವೆಯುತ್ತವೆ; ವೇಗ ಗೊತ್ತುಮಾಡುವುದು ಟಾರ್ಗೆಟ್. ವ್ಯಾಯಾಮದಲ್ಲಿ ಅಳತೆ ರೋಗಿಯ ಕೈಯಲ್ಲಿರುತ್ತದೆ. ಐದು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರಕ್ಕೆ ಒಂದೆರಡು ನಿಮಿಷ ಏರಿಸಿದರೆ ಸಾಕು. ಮೊದಲ ವಾರಗಳಲ್ಲಿ ನೋವು ತುಸು ಹೆಚ್ಚುವುದುಂಟು. ಬಹುಪಾಲು ಮಂದಿ ಕೈಬಿಡುವುದು ಅಲ್ಲಿಯೇ, ಇಲ್ಲವೇ ಹಗುರಾದ ಒಂದು ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿ ಮುಂದಿನ ಮೂರು ದಿನ ಹಾಸಿಗೆ ಹಿಡಿದಾಗ. ಒಳ್ಳೆಯ ದಿನದಲ್ಲೂ ಅಳತೆ ಮೀರದಿರುವುದು ಇಲ್ಲಿ ಕಲಿಯಬೇಕಾದ ಕಷ್ಟದ ಪಾಠ.

ಎರಡನೆಯ ಆಕ್ಷೇಪ: ಅಭ್ಯಂಗ, ಬಿಸಿನೀರ ಸ್ನಾನ, ಅಕ್ಯುಪಂಕ್ಚರ್‌ಗಳಿಂದ ಎಷ್ಟೋ ಜನರಿಗೆ ಹಾಯೆನಿಸಿದೆಯಲ್ಲ? ಎನಿಸಿದೆ, ಅದು ಸುಳ್ಳಲ್ಲ. ಅಕ್ಯುಪಂಕ್ಚರ್ ಕುರಿತ ಒಂಬತ್ತು ಅಧ್ಯಯನಗಳನ್ನು 2013ರಲ್ಲಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಗೆ ನಿಜವಾದ ಸೂಜಿಗೂ ಸೋಗಿನ ಸೂಜಿಗೂ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಏನೂ ಮಾಡದಿರುವುದಕ್ಕಿಂತ ಅದು ಮೇಲೆಂದು ಮಾತ್ರ ಕಂಡಿತು. ಎಣ್ಣೆ, ಶಾಖಗಳ ಹಿತ ಗಂಟೆಗಳ ಲೆಕ್ಕದ್ದು. ಆ ಗಂಟೆಗಳನ್ನು ಮಲಗಿ ಕಳೆದರೆ ಮರುದಿನ ಮೈ ಮತ್ತೆ ಬಿಗಿದುಕೊಳ್ಳುತ್ತದೆ. ನಡೆಯಲು ಬಳಸಿಕೊಂಡರೆ ಎಣ್ಣೆಗೂ ಬೆಲೆ ಬರುತ್ತದೆ. ತುಮಕೂರು ರಸ್ತೆಯ ಜಿಂದಾಲ್‌ನಲ್ಲೋ ಧರ್ಮಸ್ಥಳದ ಶಾಂತಿವನದಲ್ಲೋ ಕೆಲವು ದಿನ ಉಳಿದು ಪ್ರಕೃತಿ ಚಿಕಿತ್ಸೆ ಪಡೆಯುವವರಿಗೂ ಕೇಳಬೇಕಾದ ಪ್ರಶ್ನೆ ಇಷ್ಟೇ: ಅಲ್ಲಿನ ದಿನಚರಿಯಲ್ಲಿ ಎಷ್ಟು ಭಾಗ ಮನೆಯಲ್ಲೂ ಮುಂದುವರಿಯುತ್ತದೆ?

ನಿದ್ದೆಯನ್ನು ಪೂರಕ ಚಿಕಿತ್ಸೆಯೆಂದು ಯಾರೂ ಕರೆಯುವುದಿಲ್ಲ, ಕರೆಯಬೇಕಿತ್ತು. 1975ರಲ್ಲಿ ಕೆನಡಾದ ಹಾರ್ವಿ ಮೋಲ್ಡೋಫ್‌ಸ್ಕಿ ಮತ್ತು ಜೊತೆಗಾರರು ಆರೋಗ್ಯವಂತರ ಗಾಢನಿದ್ದೆಯನ್ನು ರಾತ್ರಿ ರಾತ್ರಿ ಕೆಡಿಸಿದಾಗ ಅವರಿಗೂ ಇಂಥದೇ ಮೈನೋವು ಬಂತು. ಹೊತ್ತಿಗೆ ಸರಿಯಾಗಿ ಏಳುವುದು, ಸಂಜೆಯ ಮೇಲೆ ಕಾಫಿ ಬಿಡುವುದು, ಮಲಗುವ ಮುಂಚೆ ಉಸಿರಾಟ ನಿಧಾನಿಸುವುದು ಕಾಸಿನ ಖರ್ಚಿಲ್ಲದ ಕ್ರಮಗಳು. ರಾತ್ರಿ ಪಾಳಿ ಇರುವವರಿಗೆ ಮಾತ್ರ ಇವು ಸುಲಭವಲ್ಲ.

ಸಹಜವೆಂದರೆ ನಿರಪಾಯ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದ 2008ರ ಅಮೆರಿಕದ ಅಧ್ಯಯನದಲ್ಲಿ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಹೆಸರು ಬರೆಯದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ನೋವು ಕಿತ್ತುಹಾಕಿದರೆ ಹಿಗ್ಗುವ ಬದಲು ಅದರಲ್ಲಿ ಸ್ಟೆರಾಯ್ಡ್ ಬೆರೆತಿದೆಯೇ ಎಂದು ಶಂಕಿಸಬೇಕು. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆ, ರುಮಟಾಯ್ಡ್ ಸಂಧಿವಾತಗಳೂ ಇದೇ ವೇಷದಲ್ಲಿ ಬರುವುದರಿಂದ ಎಣ್ಣೆಗೂ ಯೋಗಕ್ಕೂ ಮೊದಲು ಆ ಪರೀಕ್ಷೆಗಳಾಗಬೇಕು. ಇಎಸ್‌ಐ ಚೀಟಿ ಇರುವ ಕಾರ್ಮಿಕರಿಗೆ ಅದಕ್ಕಾಗಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ಈಗಾಗಲೇ ಈ ನೋವಿಗೆಂದು ಪ್ರೆಗಾಬಲಿನ್ ಅಥವಾ ಡ್ಯುಲಾಕ್ಸಿಟಿನ್ ತೆಗೆದುಕೊಳ್ಳುತ್ತಿರುವವರು ನಡಿಗೆ ಒಗ್ಗಿತೆಂದು ಗುಳಿಗೆಯನ್ನು ಏಕಾಏಕಿ ನಿಲ್ಲಿಸುವಂತಿಲ್ಲ. ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು.