ಮೂತ್ರನಾಳದ ಛಾಯಾದರ್ಶನ

ಶರೀರಜ್ಞಾನವನ್ನು ಬಯಸುವವನು ಶವವನ್ನು ಶೋಧಿಸಿ ಕಣ್ಣಾರೆ ಕಾಣಬೇಕೆಂಬುದು ಸುಶ್ರುತನ ಮತ. ಮೂತ್ರವಹ ಸ್ರೋತಸ್ಸುಗಳು ಎರಡೆಂದೂ ಅವನು ಹೇಳಿರುವನು. ಆದರೆ ಅವುಗಳ ಮೂಲವನ್ನು ವೃಕ್ಕಗಳಲ್ಲಿ ಹೇಳದೆ ಬಸ್ತಿ, ಮೇಢ್ರಗಳಲ್ಲಿ ಹೇಳಿರುವುದರಿಂದ, ಅವು ಮೂತ್ರಪಿಂಡದಿಂದ ಇಳಿಯುವ ನಾಳಗಳೇ ಎಂದು ನಿರ್ಣಯಿಸಲಾಗದು. ಜೀವಂತ ಶಿಶುವಿನ ನಾಳದ ಸಹಜವಿಕಾರವನ್ನು ತಿಳಿಯಲು ಪ್ರಾಚೀನರಿಗೆ ಅನುಮಾನವೊಂದೇ ಗತಿಯಾಗಿತ್ತು.

ರಂಟ್ಜನನು 1895ರಲ್ಲಿ ಕ್ಷ-ಕಿರಣವನ್ನು ಕಂಡನು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಬಂದಿತು. ಕೋರಮಂಡಲ್ ಮೊದಲಾದ ವಸತಿಗಳನ್ನೊಳಗೊಂಡ ಆ ಗಣಿಸೀಮೆಯ ಕೆಲಸಗಾರರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಮಾಡಿದ ಹಾನಿಯನ್ನು 1940ರ ದಶಕದಲ್ಲಿ ಆ ಕಿರಣವೇ ತೋರಿಸಿಕೊಟ್ಟಿತು. ಮೃದುವಾದ ಮೂತ್ರನಾಳವಾದರೋ ಬರಿಯ ಕಿರಣಕ್ಕೆ ಗೋಚರಿಸದು. 1906ರಲ್ಲಿ ಜರ್ಮನಿಯ ಫೋಲ್ಕರ್, ಲಿಖ್ಟೆನ್‌ಬರ್ಗ್ ಎಂಬ ವೈದ್ಯರು ಬೆಳ್ಳಿಯ ದ್ರವವನ್ನು ಕೆಳಗಿನಿಂದ ತುಂಬಿ ಅದರ ಛಾಯೆಯನ್ನು ಪಡೆದರು. 1929ರಲ್ಲಿ ಅಮೆರಿಕದ ಸ್ವಿಕ್ ಬರ್ಲಿನ್ನಿನಲ್ಲಿ ಲಿಖ್ಟೆನ್‌ಬರ್ಗನೊಡನೆ ಅಯೋಡಿನ್ ಬೆರೆತ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಮೂತ್ರವೇ ತನ್ನ ಮಾರ್ಗವನ್ನು ಬರೆಯುವಂತೆ ಮಾಡಿದನು.

ಈಗ ಶ್ರವಣಾತೀತ ಧ್ವನಿಯು ಗರ್ಭಸ್ಥ ಶಿಶುವಿನಲ್ಲಿಯೇ ಹಿಗ್ಗಿದ ನಾಳವನ್ನು ತೋರುವುದು. ಆದರೆ ಹಿಗ್ಗಿದುದೆಲ್ಲ ತಡೆಯಲ್ಲ. ಮೂತ್ರವು ಹಿಮ್ಮುಖವಾಗಿ ಹರಿಯುವುದೋ ಎಂಬುದನ್ನು, ಬಸ್ತಿಗೆ ಔಷಧವನ್ನು ತುಂಬಿ ವಿಸರ್ಜನಕಾಲದಲ್ಲಿ ಛಾಯೆ ತೆಗೆದು ನಿರ್ಣಯಿಸುವರು. ಪ್ರತ್ಯಕ್ಷಕ್ಕೂ ಪರೀಕ್ಷೆ ಬೇಕಾಯಿತು. ನೋವನ್ನು ನುಡಿಯಲಾರದ ಶಿಶುವಿನ ಜ್ವರವನ್ನು ಬರಿಯ ಜ್ವರವೆಂದೇ ಬಗೆದು ಕಾಲ ಕಳೆದರೆ, ಮೂತ್ರಪಿಂಡವೇ ಕೆಟ್ಟೀತು.