ಟೈಮರ್‌ಗೆ ಮೂಗಿಲ್ಲ: ಗ್ಯಾಸ್, ಪೆಟ್ರೋಲ್ ಇರುವ ಕಡೆ ಟೈಮರ್ ಸ್ವಿಚ್ ಎಲ್ಲಿ, ಹೇಗೆ ಕೂರಿಸಬೇಕು?

ಕೊಂಕಲ್: ಅಂಗಡಿ ಬೋರ್ಡಿನ ಲೈಟು ಸಂಜೆ ತಾನಾಗಿ ಹತ್ತಬೇಕು, ಹೋಟೆಲ್‌ನ ಎಕ್ಸಾಸ್ಟ್ ಫ್ಯಾನ್ ಬೆಳಿಗ್ಗೆ ತಾನಾಗಿ ತಿರುಗಬೇಕು, ಪೆಟ್ರೋಲ್ ಬಂಕಿನ ಚಾವಣಿ ದೀಪ ನಸುಕಿನಲ್ಲಿ ಆರಬೇಕು. ಇದಕ್ಕೆಲ್ಲ ಈಗ ಸಣ್ಣದೊಂದು ಟೈಮರ್ ಸ್ವಿಚ್ ಸಾಕು. ಆದರೆ ಅದನ್ನು ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಥಿನ್ನರ್, ಬ್ಯಾಟರಿ ಇರುವ ಜಾಗದಲ್ಲಿ ಕೂರಿಸಿದರೆ ಅಪಾಯ ದೊಡ್ಡದು. ಹಾಗಾಗಿ ಅಂಗಡಿಯವರು, ಹೋಟೆಲ್‌ನವರು, ಬಂಕ್ ಮತ್ತು ಗೋದಾಮಿನ ಸಿಬ್ಬಂದಿ ತಿಳಿದಿರಬೇಕಾದ ವಿಷಯ ಇಲ್ಲಿದೆ.

ಗ್ಯಾಸ್ ಸೋರಿದಾಗ ಏನಾಗುತ್ತದೆ ಎಂಬುದು ಯಾದಗಿರಿ ಜಿಲ್ಲೆಗೆ ಹೊಸದಲ್ಲ. 2022ರ ಫೆಬ್ರುವರಿಯಲ್ಲಿ ಶಹಾಪುರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಸೀಮಂತ ಕಾರ್ಯಕ್ರಮದ ವೇಳೆ ಅಡುಗೆ ಅನಿಲಕ್ಕೆ ಬೆಂಕಿ ಹೊತ್ತಿ 20ಕ್ಕೂ ಹೆಚ್ಚು ಜನ ಸುಟ್ಟುಕೊಂಡರು. ಹಲವರು ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಆ ಘಟನೆಗೂ ಟೈಮರ್‌ಗೂ ಸಂಬಂಧವಿಲ್ಲ. ಆದರೆ ಗ್ಯಾಸ್‌ಗೆ ಕಿಡಿ ಯಾವುದಾದರೇನು? ಒಲೆಯದ್ದಾದರೂ ಅಷ್ಟೇ, ಸ್ವಿಚ್ಚಿನದ್ದಾದರೂ ಅಷ್ಟೇ.

ಟೈಮರ್ ಯಾಕೆ ಬೇರೆ?

ಟೈಮರ್ ಒಳಗೆ ಒಂದು ರಿಲೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಅದರ ಎರಡು ಲೋಹದ ತುದಿಗಳು ಕೂಡುತ್ತವೆ, ಇಲ್ಲವೇ ಬಿಡುತ್ತವೆ. ಪ್ರತಿ ಸಲವೂ ಸಣ್ಣ ಕಿಡಿ ಹಾರುತ್ತದೆ. ಮೋಟಾರು, ಫ್ಯಾನು, ಹಳೆ ಚೋಕ್ ಇರುವ ಟ್ಯೂಬ್‌ಲೈಟ್ ಜೋಡಿಸಿದ್ದರೆ ಕಿಡಿ ಇನ್ನೂ ಜೋರು.

ಕೈಯಿಂದ ಹಾಕುವ ಸ್ವಿಚ್ಚಿನಲ್ಲೂ ಕಿಡಿ ಬರುತ್ತದೆ. ಆದರೆ ಅಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಅಡುಗೆ ಅನಿಲಕ್ಕೆ ಬೇಕಂತಲೇ ಸೇರಿಸಿದ ಕೆಟ್ಟ ವಾಸನೆ ಅವನ ಮೂಗಿಗೆ ಬಡಿದರೆ ಕೈ ಹಿಂದಕ್ಕೆ ತೆಗೆಯುತ್ತಾನೆ. ಟೈಮರ್‌ಗೆ ಮೂಗಿಲ್ಲ. ರಾತ್ರಿಯಿಡೀ ಬಾಗಿಲು ಹಾಕಿದ ಅಂಗಡಿಯಲ್ಲಿ ಗ್ಯಾಸ್ ತುಂಬಿದ್ದರೂ ಬೆಳಿಗ್ಗೆ ಐದಕ್ಕೆ ಅದು ತನ್ನ ಕೆಲಸ ಮಾಡಿಯೇ ಮಾಡುತ್ತದೆ. "ಎಕ್ಸಾಸ್ಟ್ ಫ್ಯಾನಿಗೆ ಟೈಮರ್ ಹಾಕಿದರೆ ಸೋರಿದ ಗ್ಯಾಸ್ ತಾನೇ ಹೊರಗೆ ಹೋಗ್ತದ" ಎಂದು ನಂಬಿದವರಿದ್ದಾರೆ. ಸಾಮಾನ್ಯ ಟೈಮರ್, ಸಾಮಾನ್ಯ ಫ್ಯಾನ್ ಆಗಿದ್ದರೆ ಅದು ಗ್ಯಾಸ್ ಹೊರಹಾಕುವ ಮೊದಲೇ ಬೆಂಕಿ ಹಚ್ಚಬಹುದು.

ಎಷ್ಟು ಕಿಡಿ ಬೇಕು? ಪ್ರೋಪೇನ್ ಗಾಳಿಯಲ್ಲಿ ಸರಿಯಾದ ಪ್ರಮಾಣದಲ್ಲಿ ಬೆರೆತಿದ್ದರೆ 0.25 ಮಿಲಿಜೌಲ್ ಶಕ್ತಿಯ ಕಿಡಿ ಸಾಕು. ಒಂದು ಗ್ರಾಂ ತೂಕದ ವಸ್ತು ಒಂದು ಇಂಚು ಎತ್ತರದಿಂದ ಬಿದ್ದರೆ ಸಿಗುವಷ್ಟು ಶಕ್ತಿ ಅದು.

ಯಾವ ಗ್ಯಾಸ್ ಎಲ್ಲಿ ಕೂರುತ್ತದೆ?

ಗ್ಯಾಸ್ ತೀರ ಕಡಿಮೆ ಇದ್ದರೂ ಹೊತ್ತುವುದಿಲ್ಲ, ತೀರ ಹೆಚ್ಚಿದ್ದರೂ ಹೊತ್ತುವುದಿಲ್ಲ. ನಡುವಿನ ಪ್ರಮಾಣವೇ ಅಪಾಯದ್ದು.

- ಅಡುಗೆ ಅನಿಲ: ಗಾಳಿಯಲ್ಲಿ ಸುಮಾರು ಶೇ 1.8ರಿಂದ 9.5. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೆಲ, ಚರಂಡಿ, ಮೆಟ್ಟಿಲ ಕೆಳಗೆ, ಗುಂಡಿಯಲ್ಲಿ ಕೂರುತ್ತದೆ.
- ಪೆಟ್ರೋಲ್ ಆವಿ: ಸುಮಾರು ಶೇ 1.4ರಿಂದ 7.6. ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ನೆಲಕ್ಕೆ ಅಂಟಿಕೊಂಡೇ ಹರಿದು ಹೋಗುತ್ತದೆ.
- ಗೋಬರ್ ಗ್ಯಾಸಿನ ಮೀಥೇನ್: ಶೇ 5ರಿಂದ 15. ಗಾಳಿಗಿಂತ ಹಗುರ. ಮೇಲಕ್ಕೆ ಏರುತ್ತದೆ.
- ಬ್ಯಾಟರಿ ಚಾರ್ಜ್ ಆಗುವಾಗ ಬರುವ ಹೈಡ್ರೋಜನ್: ಶೇ 4ರಿಂದ 75. ಚಾವಣಿ ಕೆಳಗೆ ಸೇರುತ್ತದೆ. ಪ್ರೋಪೇನ್‌ಗೆ ಬೇಕಾದ ಕಿಡಿಯ ಹತ್ತರಲ್ಲಿ ಒಂದು ಭಾಗವೂ ಇದಕ್ಕೆ ಬೇಕಿಲ್ಲ.
- ವೆಲ್ಡಿಂಗ್ ಅಂಗಡಿಯ ಅಸಿಟಿಲಿನ್: ಶೇ 2.5ರಿಂದಲೇ ಅಪಾಯ ಶುರು.

ಲೆಕ್ಕ ಹಾಕಿ ನೋಡಿದರೆ, ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯನ್ನು ಅಪಾಯದ ಮಟ್ಟಕ್ಕೆ ತರಲು ಹೆಚ್ಚೂಕಡಿಮೆ ಒಂದು ಕೆಜಿ ಅಡುಗೆ ಅನಿಲ ಸಾಕು. ಮನೆ ಸಿಲಿಂಡರಿನಲ್ಲಿ 14.2 ಕೆಜಿ, ಹೋಟೆಲ್ ಸಿಲಿಂಡರಿನಲ್ಲಿ 19 ಕೆಜಿ ಇರುತ್ತದೆ. ಗ್ಯಾಸ್ ನೆಲದ ಮೇಲೆಯೇ ಹರಡುವುದರಿಂದ ಒಂದು ಕೆಜಿಗಿಂತ ಕಡಿಮೆ ಸೋರಿದರೂ ನೆಲಮಟ್ಟದ ಸ್ವಿಚ್ಚಿನ ಸುತ್ತ ಅಪಾಯ ಸಿದ್ಧ.

ಮೂರು ವಲಯಗಳು

ಅಪಾಯದ ಜಾಗವನ್ನು ಭಾರತೀಯ ಮಾನಕ ಐಎಸ್ 5572 ಮೂರು ವಲಯಗಳಾಗಿ ವಿಂಗಡಿಸುತ್ತದೆ. ಗ್ಯಾಸ್ ಸದಾ ಇರುವ ಜಾಗ ವಲಯ 0; ಪೆಟ್ರೋಲ್ ಟ್ಯಾಂಕಿನ ಒಳಭಾಗ ಇದಕ್ಕೆ ಉದಾಹರಣೆ. ಮಾಮೂಲಿ ಕೆಲಸದ ವೇಳೆಯೇ ಆಗಾಗ ಗ್ಯಾಸ್ ಬರಬಹುದಾದ ಜಾಗ ವಲಯ 1. ಏನೋ ಕೆಟ್ಟಾಗ ಮಾತ್ರ, ಅದೂ ಸ್ವಲ್ಪ ಹೊತ್ತು ಬರಬಹುದಾದ ಜಾಗ ವಲಯ 2.

ಬಂಕಿನಲ್ಲಿ ಪಂಪಿನ ಒಳಗೆ, ಟ್ಯಾಂಕಿನ ಗುಂಡಿ, ಆವಿ ಬಿಡುವ ಕೊಳವೆಯ ತುದಿ, ಪಂಪಿನ ಸುತ್ತ ನೆಲಮಟ್ಟ ಇವೆಲ್ಲ ವಲಯದ ಒಳಗೇ ಬರುತ್ತವೆ. ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅಂದಾಜಿನಲ್ಲಿ ಹೇಳುವಂತಿಲ್ಲ. ಬಂಕ್ ಮತ್ತು ಗ್ಯಾಸ್ ಗೋದಾಮಿಗೆ ಲೈಸೆನ್ಸ್ ಕೊಡುವ ಸಂಸ್ಥೆ ಪೆಸೊ, ಅಂದರೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಅದು ಅನುಮೋದಿಸಿದ ನಕ್ಷೆ ಲೈಸೆನ್ಸಿನ ಜತೆಗೇ ಇರುತ್ತದೆ. ಹೊಸ ಟೈಮರ್ ಕೂರಿಸುವ ಮೊದಲು ಎಲೆಕ್ಟ್ರಿಷಿಯನ್ ಕೈಗೆ ಆ ನಕ್ಷೆ ಕೊಡಬೇಕು. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ, ಔಷಧ ಘಟಕಗಳಲ್ಲಿ ಕೆಲಸಕ್ಕೆ ಹೋಗುವ ವೈರ್‌ಮನ್‌ಗಳೂ ಮೊದಲು ಕೇಳಬೇಕಾದದ್ದು ವಲಯದ ನಕ್ಷೆಯನ್ನೇ.

ಹೋಟೆಲ್ ಅಡುಗೆಮನೆ, ಕಿರಾಣಿ ಅಂಗಡಿಗಳಿಗೆ ಸಾಮಾನ್ಯವಾಗಿ ಇಂಥ ನಕ್ಷೆ ಇರುವುದಿಲ್ಲ. ಆದರೆ ಗ್ಯಾಸಿನ ಗುಣ ಅಲ್ಲಿಯೂ ಅದೇ.

ಮೊದಲ ನಿಯಮ: ಟೈಮರ್ ಹೊರಗಿರಲಿ

ಟೈಮರ್ ಅಪಾಯದ ಜಾಗದೊಳಗೆ ಇರಲೇಬೇಕಾದ ಸಂದರ್ಭ ತೀರ ಕಡಿಮೆ. ಅದು ಕರೆಂಟ್ ಕೊಡುತ್ತದೆ, ತೆಗೆಯುತ್ತದೆ ಅಷ್ಟೇ. ಆ ಕೆಲಸವನ್ನು ಹತ್ತು ಮೀಟರ್ ಆಚೆ, ಕಚೇರಿಯ ಗೋಡೆಯ ಮೇಲಿದ್ದೂ ಮಾಡಬಹುದು. ಹೆಚ್ಚಿನ ಖರ್ಚಿಲ್ಲದ, ಸುಲಭದ ದಾರಿ ಇದೇ.

- ಟೈಮರ್, ಕಾಂಟ್ಯಾಕ್ಟರ್, ಎಂಸಿಬಿ ಮೂರೂ ಮೀಟರ್ ಬೋರ್ಡ್ ಹತ್ತಿರ ಅಥವಾ ಕಚೇರಿ ಕೋಣೆಯಲ್ಲಿರಲಿ. ಟೈಮರ್ ಮಾತ್ರ ಹೊರಗಿಟ್ಟು ಕಾಂಟ್ಯಾಕ್ಟರ್ ಒಳಗಿಟ್ಟರೆ ಪ್ರಯೋಜನವಿಲ್ಲ. ದೊಡ್ಡ ಕಿಡಿ ಬರುವುದೇ ಅಲ್ಲಿ.
- ವೈರ್ ಹೋಗುವ ಪೈಪಿನೊಳಗೇ ಗ್ಯಾಸ್ ಹರಿದು ಕಚೇರಿಗೆ ಬರಬಹುದು. ಗೋಡೆ ದಾಟುವ ಜಾಗದಲ್ಲಿ ಪೈಪಿನ ಒಳಗನ್ನೂ ಸುತ್ತಲಿನ ಸಂದನ್ನೂ ಸರಿಯಾದ ಸೀಲಿಂಗ್ ಸಾಮಗ್ರಿಯಿಂದ ಮುಚ್ಚಬೇಕು. ಬಟ್ಟೆ, ಪೇಪರ್ ತುರುಕಿದರೆ ಆಗುವುದಿಲ್ಲ.
- ಅಂಗಡಿಗಳಲ್ಲಿ ಸಿಲಿಂಡರ್ ಪಕ್ಕದ ಕೆಳಗಿನ ಪ್ಲಗ್ಗಿಗೆ ಟೈಮರ್ ಸಿಕ್ಕಿಸಬಾರದು. ಇನ್ವರ್ಟರ್ ಬ್ಯಾಟರಿಯ ನೇರ ಮೇಲೆಯೂ ಬೇಡ.
- ಟೈಮರ್ ಒಂದೇ ತಂತಿಯನ್ನು ಕಡಿಯುತ್ತದೆ. ಪೂರ್ತಿ ಬಂದ್ ಮಾಡಲು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಸ್ವಿಚ್ ಕಟ್ಟಡದ ಹೊರಗೆ, ಕೈಗೆಟುಕುವಂತಿರಬೇಕು.

ಇಷ್ಟಾದರೂ ಒಳಗಿರುವ ದೀಪ, ಫ್ಯಾನು, ಮೋಟಾರು ಅಪಾಯದ ವಲಯಕ್ಕೆ ಒಪ್ಪುವಂಥವೇ ಆಗಿರಬೇಕು. ಟೈಮರ್ ಹೊರಗೆ ಹೋದ ಮಾತ್ರಕ್ಕೆ ಅವು ಸುರಕ್ಷಿತ ಆಗುವುದಿಲ್ಲ.

ಒಳಗೇ ಇಡಬೇಕಾದರೆ

"ಡಬ್ಬಿ ಗಟ್ಟಿ ಐತಿ, ರಬ್ಬರ್ ಐತಿ, ಏನೂ ಆಗಂಗಿಲ್ಲ ಬಿಡ್ರಿ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಡಬ್ಬಿಯ ಮೇಲಿನ ಐಪಿ 65 ಎಂಬ ಗುರುತು ಧೂಳು ಮತ್ತು ನೀರಿನ ಮಾತು, ಗ್ಯಾಸಿನದ್ದಲ್ಲ. ಬಿಸಿಲಿಗೆ ಕಾದು ರಾತ್ರಿ ತಣ್ಣಗಾದಾಗ ಡಬ್ಬಿ ಉಸಿರಾಡುತ್ತದೆ, ಗ್ಯಾಸ್ ಒಳಗೆ ಹೋಗುತ್ತದೆ.

ಫ್ಲೇಮ್‌ಪ್ರೂಫ್ ಡಬ್ಬಿಯ ಲೆಕ್ಕವೇ ಬೇರೆ. ಅದು ಗ್ಯಾಸನ್ನು ತಡೆಯುವುದಿಲ್ಲ. ಒಳಗೆ ಸ್ಫೋಟ ಆದರೂ ದಪ್ಪ ಲೋಹದ ಗೋಡೆ ತಾಳಿಕೊಳ್ಳುತ್ತದೆ. ಮುಚ್ಚಳ ಕೂಡುವ ಕಿರಿದಾದ ಸಂದಿನಲ್ಲಿ ಹೊರಬರುವ ಜ್ವಾಲೆ ತಣ್ಣಗಾಗಿ ಹೊರಗಿನ ಗ್ಯಾಸನ್ನು ಹೊತ್ತಿಸದಂತೆ ಆಗುತ್ತದೆ. ಅದಕ್ಕೇ ಆ ಸಂದಿಗೆ ಬಣ್ಣ ಬಳಿಯುವುದು, ಸಿಲಿಕೋನ್ ಮೆತ್ತುವುದು, ಒಂದು ಬೋಲ್ಟ್ ಕಮ್ಮಿ ಹಾಕುವುದು ಇಡೀ ರಕ್ಷಣೆಯನ್ನೇ ಕೆಡಿಸುತ್ತದೆ.

ಇನ್ನೊಂದು ವಿಧಾನದಲ್ಲಿ ಒಳಗೆ ಹೋಗುವ ಕರೆಂಟನ್ನೇ ಕಿಡಿ ಹೊತ್ತಿಸಲಾರದಷ್ಟು ಕಡಿಮೆ ಮಾಡಲಾಗುತ್ತದೆ. ಇದರ ಹಿಂದೆ ಒಂದು ಕಹಿ ಕಥೆಯಿದೆ. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನಿತ್ ಕಲ್ಲಿದ್ದಲು ಗಣಿ ಸ್ಫೋಟದಲ್ಲಿ 439 ಕಾರ್ಮಿಕರು ಸತ್ತರು. ಕಾರಣ ಖಚಿತವಾಗಲಿಲ್ಲ. ಆದರೆ ಸಂಜ್ಞೆ ಕೊಡುವ ವಿದ್ಯುತ್ ಗಂಟೆಯ ಪುಟ್ಟ ಕಿಡಿಯ ಮೇಲೆ ಅನುಮಾನ ಬಂತು. ಅಂಥ ಗಂಟೆಗಳ ಮೇಲೆ ನಡೆದ ಸಂಶೋಧನೆಯಿಂದಲೇ ಈ ವಿಧಾನ ಬೆಳೆಯಿತು. ಕಡಿಮೆ ವೋಲ್ಟೇಜ್ ಅಂದರೆ ಅಪಾಯವಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಖರೀದಿ ಮಾಡುವಾಗ, ಕೂರಿಸುವಾಗ ಗಮನಿಸಬೇಕಾದದ್ದು:

1. ಪ್ಲೇಟಿನ ಮೇಲೆ "ಇಎಕ್ಸ್" ಗುರುತು ಇರಬೇಕು. ಅದರ ಮುಂದೆ ಬರುವ ಡಿ ಅಕ್ಷರ ಫ್ಲೇಮ್‌ಪ್ರೂಫ್, ಐ ಅಕ್ಷರ ಕಡಿಮೆ ಶಕ್ತಿಯ ವಿಧಾನ. ಐಐಎ ಅಂದರೆ ಪೆಟ್ರೋಲ್, ಅಡುಗೆ ಅನಿಲದ ಗುಂಪು. ಹೈಡ್ರೋಜನ್, ಅಸಿಟಿಲಿನ್‌ಗೆ ಐಐಸಿ ಬೇಕು.
2. ಟಿ3 ಅಂದರೆ ಹೊರಮೈ 200 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಟಿ4 ಅಂದರೆ 135 ದಾಟುವುದಿಲ್ಲ ಎಂದರ್ಥ. ಪೆಟ್ರೋಲ್ ಇರುವ ಕಡೆ ಕನಿಷ್ಠ ಟಿ3 ಬೇಕು.
3. ಬೇರೇನೂ ಬರೆದಿರದಿದ್ದರೆ ಇಂಥ ಉಪಕರಣ 40 ಡಿಗ್ರಿವರೆಗಿನ ಹವೆಗೆ ಮಾತ್ರ. ನಮ್ಮ ಭಾಗದ ಬೇಸಿಗೆ ಅದನ್ನು ದಾಟುತ್ತದೆ. ಹೆಚ್ಚಿನ ಉಷ್ಣತೆಗೆ ಪ್ರಮಾಣ ಪಡೆದದ್ದನ್ನೇ ಕೇಳಬೇಕು, ನೆರಳಿನಲ್ಲಿ ಕೂರಿಸಬೇಕು.
4. ಪರೀಕ್ಷಾ ಪ್ರಮಾಣಪತ್ರ ಮತ್ತು ಪೆಸೊ ಅನುಮೋದನೆಯ ನಕಲು ಕೇಳಬೇಕು. ಧನಬಾದ್‌ನ ಕೇಂದ್ರ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಪರೀಕ್ಷೆ ನಡೆಯುತ್ತದೆ. ಖಾಲಿ ಫ್ಲೇಮ್‌ಪ್ರೂಫ್ ಡಬ್ಬಿ ತಂದು ಅದರೊಳಗೆ ಬಜಾರಿನ ಟೈಮರ್ ಕೂರಿಸಿದರೆ ಅದಕ್ಕೆ ಪ್ರಮಾಣಪತ್ರ ಅನ್ವಯಿಸುವುದಿಲ್ಲ.
5. ಹೊಸ ತೂತು ಕೊರೆಯಬಾರದು. ಕೇಬಲ್ ಗ್ಲ್ಯಾಂಡ್, ಖಾಲಿ ತೂತಿನ ಪ್ಲಗ್ ಕೂಡ ಪ್ರಮಾಣಿತವೇ ಆಗಿರಬೇಕು. ಒಳಗೂ ಹೊರಗೂ ಅರ್ಥಿಂಗ್ ಗಟ್ಟಿಯಾಗಿ ಕೊಡಬೇಕು.
6. ಡಿಜಿಟಲ್ ಟೈಮರ್ ಒಳಗೆ ಸಣ್ಣ ಬ್ಯಾಟರಿ ಇರುತ್ತದೆ. ಮೇನ್ ತೆಗೆದರೂ ಒಳಗೆ ಕರೆಂಟ್ ಉಳಿದಿರುತ್ತದೆ. ಹಾಗಾಗಿ ಜಾಗದಲ್ಲಿ ಗ್ಯಾಸ್ ಇಲ್ಲ ಎಂದು ಖಚಿತವಾಗದೆ ಮುಚ್ಚಳ ಬಿಚ್ಚಬಾರದು.
7. ವೈರಿಂಗ್ ಪರೀಕ್ಷೆಗೆ ಬಳಸುವ ಮೆಗ್ಗರ್ 500 ವೋಲ್ಟ್ ಹಾಯಿಸುತ್ತದೆ. ಇದನ್ನೂ ಗ್ಯಾಸ್ ಇಲ್ಲದಾಗಲೇ ಮಾಡಬೇಕು.

ಕರೆಂಟ್ ಹೋಗಿ ಬಂದಾಗ

ಬ್ಯಾಟರಿ ಬೆಂಬಲ ಇಲ್ಲದ ಮುಳ್ಳಿನ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತದೆ. ಎರಡು ತಾಸು ಕರೆಂಟ್ ಇಲ್ಲದಿದ್ದರೆ ಸಂಜೆ ಆರಕ್ಕೆ ಆಗಬೇಕಾದದ್ದು ರಾತ್ರಿ ಎಂಟಕ್ಕೆ ಆಗುತ್ತದೆ. ಟ್ಯಾಂಕರ್ ಪೆಟ್ರೋಲ್ ಇಳಿಸುವ ಹೊತ್ತಿನಲ್ಲಿ ಏನೂ ಶುರುವಾಗಬಾರದು ಎಂದು ಹೊಂದಿಸಿದ್ದ ವೇಳೆಯೆಲ್ಲ ತಲೆಕೆಳಗಾಗುತ್ತದೆ. ಬ್ಯಾಟರಿ ಬೆಂಬಲದ ಟೈಮರ್ ತರುವುದು, ವಾರಕ್ಕೊಮ್ಮೆ ಗಡಿಯಾರ ತಾಳೆ ನೋಡುವುದು ಒಳ್ಳೆಯದು.

2009ರ ಅಕ್ಟೋಬರ್ 29ರಂದು ಜೈಪುರದ ಇಂಡಿಯನ್ ಆಯಿಲ್ ಡಿಪೋದಲ್ಲಿ ಪೆಟ್ರೋಲ್ ಸೋರಿ ಆವಿ ಸ್ಫೋಟಗೊಂಡು 11 ಜನ ಸತ್ತರು. ಕಿಡಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ತನಿಖಾ ಸಮಿತಿ ಸೂಚಿಸಿದ ಸಾಧ್ಯತೆಗಳು ಎರಡು: ಫ್ಲೇಮ್‌ಪ್ರೂಫ್ ಅಲ್ಲದ ವಿದ್ಯುತ್ ಉಪಕರಣ, ಇಲ್ಲವೇ ಸ್ಟಾರ್ಟ್ ಮಾಡಿದ ವಾಹನ.

ಕಾನೂನು ಏನು ಹೇಳುತ್ತದೆ?

ಲೈಸೆನ್ಸ್ ಇಲ್ಲದೆ ಒಂದು ಕಡೆ 100 ಕೆಜಿಗಿಂತ ಹೆಚ್ಚು ಅಡುಗೆ ಅನಿಲ ಇಡುವಂತಿಲ್ಲ. 19 ಕೆಜಿಯ ಸಿಲಿಂಡರ್ ಐದಾದರೆ 95 ಕೆಜಿ. ಆರನೆಯದಕ್ಕೆ ಮಿತಿ ದಾಟುತ್ತದೆ. ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಮಾರಾಟಕ್ಕೆ ಇಡುವಂತೆಯೇ ಇಲ್ಲ. ಬಾಟಲಿಯಲ್ಲಿ ಪೆಟ್ರೋಲ್ ಇಟ್ಟುಕೊಂಡು, ಅದೇ ಕೋಣೆಯಲ್ಲಿ ಫ್ರಿಜ್ಜು, ಟೈಮರ್ ಓಡಿಸುವ ಅಂಗಡಿ ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ವೈರಿಂಗ್ ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ಗ್ಯಾಸ್ ವಾಸನೆ ಬಂದರೆ

- ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಆಫ್ ಮಾಡಿದರೂ ಕಿಡಿ ಬರುತ್ತದೆ. ಟೈಮರಿನ ಪ್ಲಗ್ ಕೀಳುವುದೂ ಬೇಡ.
- ಕೈಗೆಟುಕಿದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬರಬೇಕು.
- ಟೈಮರ್ ಶುರುವಾಗುವ ಹೊತ್ತು ಹತ್ತಿರವಿದ್ದರೆ, ವಾಸನೆ ಇಲ್ಲದ ಹೊರಗಿನ ಜಾಗದಲ್ಲಿರುವ ಮೇನ್ ಸ್ವಿಚ್ ಮಾತ್ರ ತೆಗೆಯಬಹುದು. ಮೇನ್ ಒಳಗಿದ್ದರೆ ಅದರ ತಂಟೆಗೆ ಹೋಗದೆ ಜನರನ್ನು ದೂರ ಕಳಿಸಿ ಜೆಸ್ಕಾಂಗೆ ತಿಳಿಸಬೇಕು.
- ಮೊಬೈಲ್ ಕರೆ ದೂರ ಬಂದ ಮೇಲೆ.

ಸಹಾಯವಾಣಿ: ಅಡುಗೆ ಅನಿಲ ಸೋರಿಕೆ 1906, ತುರ್ತು ಸೇವೆ 112, ಅಗ್ನಿಶಾಮಕ 101, ಜೆಸ್ಕಾಂ 1912.